ಹಾಲಿನ ಅಕ್ಕ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬಸವೇಶ್ವರನಗರದ ಬೀದಿಯಲ್ಲಿ ಕಾಣುವವರು ಎರಡೇ ಬಗೆ. ಬೇರೆ ದಾರಿಯಿಲ್ಲದವರು ಮತ್ತು ದನಗಳು. ಅವತ್ತು ನಾನು ಮೊದಲ ಗುಂಪಿನಲ್ಲಿದ್ದೆ. ಕಾಲು ಮುರಿದ ಕನ್ನಡಕವನ್ನು ರಿಪೇರಿಗೆ ಕೊಟ್ಟು ಎರಡು ದಿನವಾಗಿತ್ತು. ಪತ್ರಿಕೆ ಓದದೆ ತಲೆ ಚಿಟ್ಟುಹಿಡಿದಿತ್ತು. ಬಿಸಿಲು ಇಳಿಯಲಿ ಎಂದು ಮನೆಯಾಕೆ ಹೇಳಿದ್ದನ್ನು ಕೇಳದೆ ಹೊರಟವನು ನೂರು ಹೆಜ್ಜೆಗೇ ಸೋತು ಒಂದು ಹೊಂಗೆಮರದ ಕೆಳಗೆ ನಿಂತೆ. ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯಲ್ಲಿ ಕೂಡಿದ ಬೆವರು ಹುಬ್ಬಿನ ಏರಿ ಒಡೆದು ಕಣ್ಣಿಗಿಳಿದು ಉರಿಯುತ್ತಿತ್ತು.

ಅದೇ ನೆರಳಿನಲ್ಲಿ ನನಗಿಂತ ಮೊದಲೇ ಬಂದು ಒಂದು ಹಸು ಜಾಗ ಹಿಡಿದಿತ್ತು. ಬೂದು ಬಣ್ಣದ ನಾಟಿ ಹಸು. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಪುಟ್ಟ ಹಿಣಿಲು, ಕುತ್ತಿಗೆಯ ಕೆಳಗೆ ಅಚ್ಚುಕಟ್ಟಾದ ಗಂಗೆದೊಗಲು. ಈಗಷ್ಟೇ ಮಿಂದು ಮೈತುಂಬ ವಿಭೂತಿ ಬಳಿದುಕೊಂಡು ಬಂದ ಸ್ವಾಮಿಗಳ ಹಾಗೆ ಒಣಒಣಗಿ ನಿಂತು ಮೆಲುಕು ಹಾಕುತ್ತಿತ್ತು. ಒಂದು ಹನಿ ಬೆವರಿಲ್ಲ, ಏದುಸಿರಿಲ್ಲ. ನನ್ನನ್ನು ನೋಡಿದ ನೋಟದಲ್ಲಿ ತುಸು ಕನಿಕರವೂ ಇತ್ತೆಂದು ನನ್ನ ಅನುಮಾನ.

ಹಸುವಿನ ಯಜಮಾನಿ ಪಕ್ಕದ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕಾಮಾಕ್ಷಿಪಾಳ್ಯದ ಕಡೆಯ ಓಣಿಯೊಂದರಲ್ಲಿ ಅವರ ಕೊಟ್ಟಿಗೆ. ನಮ್ಮ ಬೀದಿಗೆಲ್ಲ ಅವರು ಹಾಲಿನಮ್ಮ. "ನಿಮ್ಮ ಹಸು ಪುಣ್ಯ ಮಾಡಿದೆ ಕಣಮ್ಮ, ಬೆವರೋ ಕಷ್ಟವೇ ಇಲ್ಲ" ಎಂದೆ.

"ಅದ್ಯಾರು ಸಾ ಬೆವರಲ್ಲ ಅಂತ ಯೋಳಿದ್ದು? ಕೈ ಇಟ್ಟು ನೋಡಿ" ಎಂದರು ಅವರು.

ಯಾರು ಹೇಳಿದ್ದು? ನನಗೂ ನೆನಪಿಲ್ಲ. ಆದರೆ ಹಸು ಬೆವರುವುದಿಲ್ಲ ಎಂದು ಅರವತ್ತು ವರ್ಷ ನಂಬಿಕೊಂಡು ಬಂದಿದ್ದೆ. ನಾಯಿ ನಾಲಗೆ ಚಾಚಿ ತೇಕುತ್ತದೆ, ಕಾಗೆ ಕೊಕ್ಕು ತೆರೆದು ಕೂರುತ್ತದೆ, ಎಮ್ಮೆ ಕೆಸರಿಗಿಳಿಯುತ್ತದೆ; ಹಸು ಮಾತ್ರ ಸುಮ್ಮನಿರುತ್ತದೆ. ಗೋವಿನ ಹಾಡು ಕೇಳಿ ಬೆಳೆದ ನಮಗೆ ಹಸುವಿನ ಹಾಲು ಗೊತ್ತು, ಅದರ ಸತ್ಯ ಗೊತ್ತು, ಕಣ್ಣೀರೂ ಗೊತ್ತು. ಬೆವರಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಅಳುಕುತ್ತಲೇ ಹಿಣಿಲಿನ ಹಿಂದೆ ಕೈಯಿಟ್ಟೆ. ಮೇಲೆ ಕೂದಲು ಒಣಗಿ ಬಿಸಿಯಾಗಿತ್ತು. ಬೆರಳು ಕೂದಲ ನಡುವೆ ಇಳಿದು ಚರ್ಮಕ್ಕೆ ತಾಗಿದಾಗ ಸಣ್ಣಗೆ ತೇವ. ಬೆಳಗಿನ ಜಾವ ಗರಿಕೆಯ ಮೇಲೆ ಕೈಯಾಡಿಸಿದ ಹಾಗೆ. ಕೈ ತೆಗೆದು ಮೂಸಿ ನೋಡಿದೆ. ಹುಲ್ಲು, ಧೂಳು, ಕೊಟ್ಟಿಗೆ, ಇನ್ನೂ ಏನೋ. ಆ 'ಏನೋ' ನನ್ನನ್ನು ಕನ್ನಡಕದಂಗಡಿಯ ದಾರಿ ತಪ್ಪಿಸಿ ಬೇರೆಲ್ಲೆಲ್ಲೋ ಕರೆದುಕೊಂಡು ಹೋಯಿತು.

ನಾವು ಬೆವರುವ ಬಗೆ ಬೇರೆ, ಅದು ಬೆವರುವ ಬಗೆ ಬೇರೆ. ಮನುಷ್ಯನ ಮೈಯಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಅವುಗಳಲ್ಲಿ ಬಹುಪಾಲಿಗೆ ಕೂದಲಿನ ಹಂಗಿಲ್ಲ, ನೇರವಾಗಿ ಚರ್ಮದ ಮೇಲೆ ಬಾಯಿ ತೆರೆಯುತ್ತವೆ. ನಮ್ಮದು ಬೀದಿ ನಲ್ಲಿಯ ವ್ಯವಸ್ಥೆ. ಬಿಟ್ಟರೆ ರಸ್ತೆಯೆಲ್ಲ ನೀರು. ಹಸುವಿನದು ಹಳೆಯ ರಾಜಾಜಿನಗರದ ಬಡಾವಣೆಯಷ್ಟೇ ಕ್ರಮಬದ್ಧ. ಒಂದೊಂದು ಕೂದಲೂ ಒಂದೊಂದು ಸೈಟು. ಪ್ರತಿ ಸೈಟಿಗೂ ಒಂದು ಬೆವರಿನ ಗ್ರಂಥಿ, ಒಂದು ಎಣ್ಣೆಯ ಗ್ರಂಥಿ, ಚಳಿಯಲ್ಲಿ ಕೂದಲನ್ನು ನಿಮಿರಿಸಲು ಒಂದು ಎಳೆ ಸ್ನಾಯು. ಒಂದು ಚದರ ಸೆಂಟಿಮೀಟರಿನಲ್ಲಿ, ಅಂದರೆ ನನ್ನ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, ಇಂಥ ಸಾವಿರದಷ್ಟು ಸೈಟುಗಳು. ಹೊರಬಂದ ಬೆವರು ಕೂದಲ ಬುಡದಲ್ಲಿ ತೆಳ್ಳಗೆ ಹರಡಿ ಅಲ್ಲೇ ಆರಿಹೋಗುತ್ತದೆ. ನಮ್ಮೂರಿನ ಬೇಸಿಗೆ ಗಾಳಿ ಒಣದು. ಹನಿ ಕಟ್ಟುವುದಕ್ಕೆ ಅದು ಬಿಡುವುದೇ ಇಲ್ಲ. ಕಾಣದ್ದನ್ನು ಇಲ್ಲವೆಂದುಕೊಂಡದ್ದು ನನ್ನ ತಪ್ಪು.

ಬೆವರು ಹರಿದರೆ ಸುಖವಿಲ್ಲ, ಆರಿದರೆ ಸುಖ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರುವಾಗ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಏಳು ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಬೇಕಾಗುವಷ್ಟು ಬಿಸಿ ಅದು. ಹುಬ್ಬಿನಿಂದ ಕಣ್ಣಿಗೆ, ಕಣ್ಣಿಂದ ನೆಲಕ್ಕೆ ತೊಟ್ಟಿಕ್ಕಿದ ನನ್ನ ಬೆವರು ಇದರಲ್ಲಿ ಏನನ್ನೂ ಮಾಡಲಿಲ್ಲ; ಬರೀ ಪೋಲು. ಪಕ್ಕದಲ್ಲಿದ್ದ ಹಸು ಒಂದು ಹನಿಯನ್ನೂ ನೆಲಕ್ಕೆ ಬೀಳಿಸದೆ ಅಷ್ಟಷ್ಟನ್ನೂ ದುಡಿಸಿಕೊಳ್ಳುತ್ತಿತ್ತು. ನಮ್ಮಜ್ಜಿ ನೀರು ಬಳಸುತ್ತಿದ್ದದ್ದು ಹೀಗೇ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಕೈ ತೊಳೆದ ನೀರು ಬಾಳೆಯ ಬುಡಕ್ಕೆ.

ಇಷ್ಟು ತಿಳಿದ ಮೇಲೆ ಆ ಹಸುವಿನ ಉಡುಪಿನ ಮೇಲೂ ಕಣ್ಣು ಬಿತ್ತು. ಅದು ಹಳ್ಳಿಕಾರ್. ನಮ್ಮ ಸೀಮೆಯ ಈ ದನ ತುಮಕೂರು, ಹಾಸನ, ಮಂಡ್ಯ, ರಾಮನಗರದ ಹೊಲಗಳಲ್ಲಿ ನೇಗಿಲು ಹೊತ್ತು ಬೆಳೆದದ್ದು. 2000ದಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ದನದ ತಳಿಗಳಿಗೆ ಚೀಟಿ ತಂದಾಗ ಅದರಲ್ಲಿ ಇದೂ ಒಂದು. ಮೇಲೆ ಬಿಳಿ ಅಥವಾ ಬೂದು ಕೂದಲು, ಒಳಗೆ ಕಪ್ಪು ಚರ್ಮ. 'ಹಸು ಕಪ್ಪಾದರೆ ಹಾಲು ಕಪ್ಪೇ' ಎಂದು ಗಾದೆ ಕಟ್ಟಿದವರು ಬಿಳಿ ಹಸುವಿನ ಕೂದಲು ಬಿಡಿಸಿ ನೋಡಿದ್ದರೋ ಇಲ್ಲವೋ. ಬಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ; ತಪ್ಪಿಸಿಕೊಂಡು ಒಳಬಂದ ಕಿರಣ ಮೈ ಸುಡದಂತೆ ಕಪ್ಪು ಚರ್ಮ ತಡೆಯುತ್ತದೆ. ಕೂದಲು ಗಿಡ್ಡ, ನುಣುಪು, ಮೈಗೆ ಒತ್ತಿದ್ದು. ಮಧ್ಯಾಹ್ನ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಓಡಾಡುತ್ತಿದ್ದ ನಮ್ಮ ಹಿರಿಯರು ಮತ್ತು ಅವರ ಎತ್ತುಗಳು ಒಂದೇ ದರ್ಜಿಯ ಹತ್ತಿರ ಹೊಲಿಸಿಕೊಂಡವರಂತೆ ಕಾಣುತ್ತಾರೆ. ಟೆರಿಕಾಟಿನ ಕಡುನೀಲಿ ಅಂಗಿ ತೊಟ್ಟು ನಿಂತಿದ್ದವನು ನಾನೊಬ್ಬನೇ.

ಗಂಗೆದೊಗಲಿನ ವಿಷಯದಲ್ಲಿ ಒಂದು ತಮಾಷೆಯಿದೆ. ಗಂಗೆ ಎಂಬ ಹೆಸರೇ ತಂಪು. ಇಷ್ಟಗಲ ಜೋತುಬಿದ್ದ ತೊಗಲು ಗಾಳಿಗೆ ಆಡುತ್ತ ಮೈಯ ಕಾವನ್ನು ಹೊರಗೆ ಬಿಡುತ್ತದೆ, ಹಿಣಿಲೂ ಅದೇ ಕೆಲಸಕ್ಕೆ ಎಂದು ತಿಳಿದವರೂ ನಂಬಿದ್ದರು. 1950ರ ದಶಕದಲ್ಲಿ ಅಮೆರಿಕದ ಸಂಶೋಧಕರು ನಮ್ಮ ಕಡೆಯ ಕೆಂಪು ಸಿಂಧಿ ಹೋರಿಗಳ ಹಿಣಿಲನ್ನೂ ಗಂಗೆದೊಗಲನ್ನೂ ಶಸ್ತ್ರಕ್ರಿಯೆಯಿಂದ ತೆಗೆದು ಬಿಸಿಯಲ್ಲಿಟ್ಟು ನೋಡಿದರು. ಹೋರಿಗಳು ಮೊದಲು ಹೇಗೆ ಸೆಕೆ ತಡೆದುಕೊಂಡಿದ್ದವೋ ಆಮೇಲೂ ಹೆಚ್ಚುಕಡಿಮೆ ಹಾಗೇ ತಡೆದುಕೊಂಡವು. ಗುಟ್ಟು ತೊಗಲಿನ ಅಗಲದಲ್ಲಿ ಇರಲಿಲ್ಲ. ಹೋರಿಗಳನ್ನು ನೆನೆದರೆ ಅಯ್ಯೋ ಎನಿಸುತ್ತದೆ. ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನೇ ಕಾರಣವೆಂದು ಹಿಡಿಯುವ ನಮ್ಮ ಚಟಕ್ಕೆ ಅವು ಬೆಲೆ ತೆತ್ತವು.

ಹಾಲಿನಮ್ಮನ ಹಿಂದೆಯೇ ಕೊಟ್ಟಿಗೆಯವರೆಗೂ ಹೋದೆ. ಕನ್ನಡಕದಂಗಡಿ ಹೇಗೂ ನಾಲ್ಕು ಗಂಟೆಗೆ ತೆರೆಯುವುದು.

ಬೆಂಗಳೂರಿನ ಪಡುವಣ ಭಾಗದ ಹೆಸರುಗಳನ್ನು ಹೇಳುತ್ತ ಹೋದರೆ ದನಗಳ ಕೊರಳ ಗಂಟೆ ಕೇಳಿದಂತಾಗುತ್ತದೆ. ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂಬ ದೊಡ್ಡ ಹೆಸರುಗಳ ಮಡಿಲಲ್ಲಿ ಈ ಹಳ್ಳಿಗಳು ಈಗಲೂ ಒಂದೆರಡು ಓಣಿಯಷ್ಟು ಉಳಿದಿವೆ. ಅಲ್ಲೊಂದು ಮಾರಮ್ಮನ ಗುಡಿ, ಅಲ್ಲೊಂದು ಅರಳಿಕಟ್ಟೆ, ಮೂರು ಅಂತಸ್ತಿನ ಮನೆಯ ಕೆಳಗೆ ಕಾರು ನಿಲ್ಲಬೇಕಾದ ಜಾಗದಲ್ಲಿ ನಾಲ್ಕು ಹಸು. ನನ್ನ ಬಾಲ್ಯದಲ್ಲಿ ವರ್ತನೆ ಹಾಲಿನವರು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು ಅಮ್ಮನ ಕಣ್ಣೆದುರು ಚೊಂಬಿಗೆ ಕರೆದು ಕೊಡುತ್ತಿದ್ದರು. ನೀರು ಬೆರೆಸಿಲ್ಲ ಎಂಬುದಕ್ಕೆ ಹಸುವೇ ಸಾಕ್ಷಿ.

ಹಾಲಿನಮ್ಮನ ಕೊಟ್ಟಿಗೆಯಲ್ಲಿ ಆ ನಾಟಿ ಹಸು ಒಂದು, ಸೀಮೆಹಸು ಮೂರು. ಕಪ್ಪುಬಿಳುಪು ಮಚ್ಚೆಯ ದೊಡ್ಡ ಮೈಯವು. ತಲೆಯ ಮೇಲೆ ಶೀಟು, ಶೀಟಿನ ಮೇಲೆ ನೆನೆಸಿದ ಗೋಣಿಚೀಲ, ಗೋಡೆಗೆ ಗರಗರ ತಿರುಗುವ ಒಂದು ಫ್ಯಾನು. ನಮ್ಮ ಮನೆಯ ಫ್ಯಾನಿಗಿಂತ ಅದು ಗಟ್ಟಿಮುಟ್ಟು. ಆದರೂ ಮೂರೂ ಬಾಯಿ ತುಸು ತೆರೆದು ತೇಕುತ್ತಿದ್ದವು. ತುಟಿಯಂಚಿನಿಂದ ಜೊಲ್ಲಿನ ಎಳೆ ಇಳಿದಿತ್ತು. ಪಕ್ಕೆ ಮೇಲಕ್ಕೂ ಕೆಳಕ್ಕೂ ಹಾರುತ್ತಿತ್ತು. ಗಡಿಯಾರ ಹಿಡಿದು ಒಂದರ ಉಸಿರು ಎಣಿಸಿದೆ. ನಿಮಿಷಕ್ಕೆ 80ರ ಹತ್ತಿರ ಬಂತು. ನೆಮ್ಮದಿಯ ಹೊತ್ತಿನಲ್ಲಿ ಇದರ ಅರ್ಧವೂ ಇರುವುದಿಲ್ಲ.

"ಇವಕ್ಕೆ ಬೆವರು ಸಾಲಲ್ಲ ಸಾ. ನಾಯಿ ಥರಾ ಉಸಿರಲ್ಲೇ ಸೆಕೆ ಕಳ್ಕೋಬೇಕು" ಎಂದರು ಹಾಲಿನಮ್ಮ. ನೂರಾರು ಪುಟದ ಪಠ್ಯಪುಸ್ತಕ ಹೇಳುವುದೂ ಇಷ್ಟನ್ನೇ.

ಸೀಮೆಹಸುವಿನ ತವರು ಹಾಲೆಂಡಿನ ಫ್ರೀಸ್‌ಲ್ಯಾಂಡ್, ಉತ್ತರ ಸಮುದ್ರದ ತಣ್ಣನೆ ಗಾಳಿ ಬೀಸುವ ಹುಲ್ಲುಗಾವಲು. ನಮ್ಮ ಹಿಣಿಲಿನ ದನ ಸಿಂಧೂ ಬಯಲಿನ ಸೀಮೆಯಲ್ಲಿ ಸುಮಾರು 8,000 ವರ್ಷದ ಹಿಂದೆ ಮನುಷ್ಯನ ಜೊತೆ ಬಾಳಲು ಒಪ್ಪಿದ್ದು. ಎರಡಕ್ಕೂ ಮೂಲ ಒಂದೇ ಆದರೂ ದಾರಿ ಬೇರೆಯಾಗಿ ಲಕ್ಷಾಂತರ ವರ್ಷಗಳಾದವು. ಸೈಟುಗಳ ಲೆಕ್ಕದಲ್ಲೇ ಹೇಳುವುದಾದರೆ, ನಾಟಿ ಹಸುವಿನ ಬೆವರಿನ ಸಂಪು ದೊಡ್ಡದು, ಚೀಲದ ಹಾಗೆ ಉಬ್ಬಿದ್ದು, ರಸ್ತೆಗೆ ಹತ್ತಿರ. ಸೀಮೆಹಸುವಿನದು ಸಣ್ಣ ಸುರುಳಿ ಕೊಳವೆ, ಇನ್ನಷ್ಟು ಆಳದಲ್ಲಿ. ಸೈಟುಗಳ ಸಂಖ್ಯೆಯೂ ಕಡಿಮೆ. ಬಿಸಿಲೇರಿದಾಗ ಸೀಮೆಹಸು ಬೇಗನೆ ಬೆವರತೊಡಗಿ, ಒಂದು ಮಟ್ಟ ತಲುಪಿ ಅಲ್ಲೇ ನಿಂತುಬಿಡುತ್ತದೆ. ನಾಟಿಯದು ನಿಧಾನದ ಆರಂಭ. ಆದರೆ ಮೈಕಾವು ಏರಿದಷ್ಟೂ ಅದರ ಬೆವರೂ ಏರುತ್ತಲೇ ಹೋಗುತ್ತದೆ.

ಇದರ ಮೇಲೆ ಹೊಟ್ಟೆಯೊಳಗಿನ ಒಲೆ ಬೇರೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲು, ಬೂಸಾ, ಹಿಂಡಿ ಹುದುಗಿ ಕೊಳೆಯುವಾಗ ಹಗಲಿರುಳು ಶಾಖ ಏಳುತ್ತದೆ. ಹೆಚ್ಚು ಹಾಲು ಬೇಕಾದರೆ ಹೆಚ್ಚು ಮೇವು, ಹೆಚ್ಚು ಮೇವಿಗೆ ಹೆಚ್ಚು ಬೆಂಕಿ. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಟಿ ಹಸುವಿನದು ಸಂಸಾರದ ಒಲೆ. ಇಪ್ಪತ್ತು ಲೀಟರ್ ಕೊಡುವುದರದು ಮದುವೆ ಮನೆಯ ಒಲೆ. ಅದಕ್ಕೆ 25 ಡಿಗ್ರಿಯವರೆಗೆ ಸುಖ, ಆಮೇಲೆ ಕಷ್ಟ. ಬೆಂಗಳೂರು ಒಂದು ಕಾಲಕ್ಕೆ ಈ ಲೆಕ್ಕಕ್ಕೆ ಸರಿಹೊಂದುವ ಊರಾಗಿತ್ತು. ಬ್ರಿಟಿಷರು 1923ರಲ್ಲಿ ಪಶುಪಾಲನೆಗೂ ಹೈನಿಗೂ ತಮ್ಮ ಇಂಪೀರಿಯಲ್ ಸಂಸ್ಥೆಯನ್ನು ತೆರೆಯಲು ಆಡುಗೋಡಿಯನ್ನು ಆರಿಸಿಕೊಂಡರು. 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಬೆಂಗಳೂರಿಗಿಳಿದು ಕುಮಾರಪಾರ್ಕಿನಲ್ಲಿ ತಂಗಿದ್ದಾಗ ಹೈನುಗಾರಿಕೆ ಕಲಿಯಲೆಂದು ಹೋದದ್ದು ಅಲ್ಲಿಗೇ. ಮುಂದೆ ಹೆಸರಘಟ್ಟದಲ್ಲಿ ಡೆನ್ಮಾರ್ಕಿನವರ ನೆರವಿನಿಂದ ತಳಿ ಸುಧಾರಣೆಯ ಕೆಲಸ ನಡೆಯಿತು. ಹಾಲು ಹೆಚ್ಚಿತು, ಮನೆ ಮನೆಗೂ ಬಂತು. ಆ ಹಾಲು ಕುಡಿದೇ ನನ್ನ ಮಕ್ಕಳು ಬೆಳೆದದ್ದು. ಊರು ಮಾತ್ರ ಕೊಟ್ಟ ಮಾತಿಗೆ ತಪ್ಪಿತು. 2016ರ ಏಪ್ರಿಲಿನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ ಕೊನೆಯಲ್ಲಿ ಮತ್ತೆ 38 ದಾಟಿತು. ಫ್ಯಾನಿನ ಮುಂದೆ ನಾನು ಆ ದಿನಗಳನ್ನು ಹೇಗೋ ಕಳೆದೆ. ಶೀಟಿನ ಕೆಳಗಿನ ಈ ಡಚ್ ಮೊಮ್ಮಕ್ಕಳು ಹೇಗೆ ಕಳೆದವೋ, ಹಾಲಿನಮ್ಮ ಹೇಗೆ ಕಾದರೋ.

"ಆವಾಗ ಹಾಲೇ ಇಳ್ದೋಗಿತ್ತು" ಎಂದರು ಅವರು. ಬೆಳಗ್ಗೆದ್ದು ಅವರು ಮೊದಲು ನೋಡುವುದು ಮೂತಿಯನ್ನಂತೆ. ಮೂತಿಯ ಮೇಲೆ ಹನಿಹನಿ ತೇವ ಕೂತಿದ್ದರೆ ಹಸು ಚೆನ್ನಾಗಿದೆ, ಒಣಗಿದ್ದರೆ ಜ್ವರವೋ ಏನೋ. ಆ ಹನಿ ಬೆವರಿನಂತೆ ಕಂಡರೂ ಬೆವರಲ್ಲ, ಮೂತಿಯ ಒಳಗಿನ ಬೇರೆ ಗ್ರಂಥಿಗಳ ಕೆಲಸ. ಆ ಮೂತಿಯ ಗೆರೆಗಳು ನಮ್ಮ ಹೆಬ್ಬೆಟ್ಟಿನ ಹಾಗೆ ಒಂದರದು ಇನ್ನೊಂದಕ್ಕಿರುವುದಿಲ್ಲ. ಹಾಲಿನಮ್ಮ ಒಂದೊಂದರ ಮೂತಿಯನ್ನೂ ಸೆರಗಿನಿಂದ ಒರೆಸಿ, ಮತ್ತೆ ಹನಿ ಮೂಡುತ್ತದೆಯೇ ಎಂದು ಕಾದು ನೋಡಿದರು. ಮೂಡಿತು. ಮುಖ ಅರಳಿತು.

ಎದುರು ಮನೆಯವರಿಗೆ ಹಿಂದೊಮ್ಮೆ ಎಮ್ಮೆಗಳಿದ್ದವಂತೆ. ಕಟ್ಟೆ ಮುಚ್ಚಿ ಮನೆಗಳೆದ್ದ ಮೇಲೆ ಮಾರಿದರಂತೆ. ಅದನ್ನು ಕೇಳುತ್ತಿದ್ದ ಹಾಗೆ ನಾವೆಲ್ಲ ಬಾಯಿಪಾಠ ಮಾಡಿದ ಒಂದು ಗಾದೆ ಹೊಸದಾಗಿ ಕೇಳಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗಂಡಹೆಂಡಿರ ಜಗಳಕ್ಕೂ ಮಂತ್ರಿಮಂಡಲದ ಒಡಕಿಗೂ ಪತ್ರಿಕೆಯವರು ಬಳಸಿ ಬಳಸಿ ಸವೆಸಿದ ಗಾದೆ. ಹಠಮಾರಿಗಳ ಜೋಡಿ ಎಂದಷ್ಟೇ ಅಂದುಕೊಂಡಿದ್ದೆ. ಕೋಣನದು ಹಠವೇ ಅಲ್ಲ. ಎಮ್ಮೆ ಕೋಣಗಳಿಗೆ ಹಸುವಿಗಿಂತ ಬೆವರಿನ ಗ್ರಂಥಿಗಳು ಬಹಳ ಕಡಿಮೆ. ಮೈ ಕಪ್ಪು, ಕೂದಲು ವಿರಳ. ಒಳಗಿನಿಂದ ಬರದ ನೀರನ್ನು ಅದು ಹೊರಗಿನಿಂದ ತಂದುಕೊಳ್ಳಬೇಕು. ಮೈಗೆ ಮೆತ್ತಿದ ಕೆಸರು ಆರುವಷ್ಟು ಹೊತ್ತೂ ಅದಕ್ಕೆ ಎರವಲು ಬೆವರು. ನೊಗದ ಒಂದು ಕಡೆ ತನ್ನ ಬೆವರನ್ನು ತಾನೇ ಹೊತ್ತವನು, ಇನ್ನೊಂದು ಕಡೆ ಬೆವರಿಲ್ಲದವನು. ಬಿಸಿಲೇರಿದಾಗ ಒಬ್ಬ ಏರಿಗೂ ಇನ್ನೊಬ್ಬ ನೀರಿಗೂ ಎಳೆಯುವುದು ನ್ಯಾಯವೇ. ಗಾದೆ ಕಟ್ಟಿದ ರೈತ ಇಬ್ಬರ ಮೈಯನ್ನೂ ಬಲ್ಲವನು. ಬೈಗುಳ ಮಾಡಿಕೊಂಡವರು ನಾವು.

ಅಂಥ ರೈತ ನಮ್ಮ ತಾತ. ಅವರ ಊರು ಕೆಂಗೇರಿಯಿಂದಾಚೆ, ತಾವರೆಕೆರೆ ಕಡೆ. ಸಿಟಿ ಮಾರ್ಕೆಟ್ಟಿಗೆ ಗಾಡಿ ಕಟ್ಟುತ್ತಿದ್ದದ್ದು ರಾತ್ರಿಯೂಟವಾದ ಮೇಲೆ. ಗಾಡಿಯಡಿ ಲಾಟೀನು ತೂಗುಹಾಕಿ ಹೊರಟರೆ ಎತ್ತುಗಳಿಗೆ ದಾರಿ ಗೊತ್ತು, ತಾತ ನಿದ್ದೆ. ಹಗಲಿಗೇಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಉರಿಬಿಸಿಲಲ್ಲಿ ಹೊಡೆದರೆ ಎತ್ತಿನ ಬೆವರು ನಮ್ಮ ವಂಶಕ್ಕೆ ಸುತ್ಕೊಳ್ತದೆ ಮಗಾ" ಎಂದಿದ್ದರು. ಶಾಪದ ಮಾತು ಎಂದು ಹೆದರಿದ್ದೆ. ಈಗ ಅದು ಲೆಕ್ಕದ ಮಾತಾಗಿ ಕೇಳುತ್ತದೆ. ಹೊಲದಲ್ಲೂ ಹಾಗೇ. ಚುಕ್ಕಿ ಇರುವಾಗಲೇ ಆರು ಕಟ್ಟಬೇಕು, ನೆರಳು ಕಾಲ ಬುಡಕ್ಕೆ ಬರುವ ಮೊದಲೇ ಆರು ಬಿಡಬೇಕು. ನೊಗ ಇಳಿಸಿದ ಕೂಡಲೇ ಎತ್ತನ್ನು ನೀರಿಗೆ ಬಿಡುತ್ತಿರಲಿಲ್ಲ. ಹುಲ್ಲಿನ ಸಿವುಡಿನಿಂದ ಹೆಗಲನ್ನೂ ಪಕ್ಕೆಯನ್ನೂ ತಿಕ್ಕಿ, ಬೆವರು ಆರುವವರೆಗೆ ಹುಣಸೆಮರದ ಕೆಳಗೆ ಕಟ್ಟಿ, ತಾವೂ ಅಲ್ಲೇ ಕೂರುತ್ತಿದ್ದರು. ದುಡಿಯುವ ಎತ್ತಿನ ಬೆವರು ಕಣ್ಣಿಗೆ ಕಾಣುತ್ತದೆ. ನೊಗ ಉಜ್ಜಿದ ಜಾಗದಲ್ಲಿ ಬೂದು ಕೂದಲು ನೆನೆದು ಕಪ್ಪಾಗಿರುತ್ತಿತ್ತು. ಅದನ್ನು ಅರವತ್ತು ವರ್ಷದ ಹಿಂದೆಯೇ ನೋಡಿದ್ದೆನಲ್ಲ! ನೋಡಿಯೂ ಹಸು ಬೆವರುವುದಿಲ್ಲವೆಂದು ನಂಬಿದ್ದೆ. ಎತ್ತು ಬೇರೆ, ಹಸು ಬೇರೆ ಎಂದು ನನ್ನ ಪಟ್ಟಣದ ಬುದ್ಧಿ ಎರಡು ಕಡತ ಮಾಡಿಟ್ಟುಕೊಂಡಿತ್ತೋ ಏನೋ.

ಈ ಹಳ್ಳಿಕಾರಿನ ಕುಲದಿಂದಲೇ ಮೈಸೂರಿನ ಅರಸರ ಅಮೃತಮಹಲ್ ದನ ಬಂದದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಚಿದಂಬರದ ನೆರವಿಗೆ ಹೈದರಾಲಿಯ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳಿಂದ ಎಂದು ಮೈಸೂರಿನ ಗೆಜೆಟಿಯರ್ ದಾಖಲಿಸಿದೆ. ಆ ನೂರು ಮೈಲಿಯನ್ನು ಚರಿತ್ರೆ ಹೈದರನ ಹೆಸರಿಗೆ ಬರೆಯಿತು. ಹೆಸರುಗಳನ್ನೇ ನೋಡಿ: ಬೆಣ್ಣೆ, ಅಮೃತ. ಹೊತ್ತದ್ದು ತೋಪು, ಸುರಿಸಿದ್ದು ಬೆವರು. ಹೆಸರು ಮಾತ್ರ ಹಾಲಿನದು.

ಆದರೆ ಊರುಗಳು ಬೆವರನ್ನು ಮರೆತಿರಲಿಲ್ಲ. ದಾರಿಯುದ್ದಕ್ಕೂ ಗುಂಡುತೋಪು, ಊರ ಹೊರಗೆ ದನಗಳಿಗೆಂದೇ ಗೋಕಟ್ಟೆ, ಬಾವಿಯ ಪಕ್ಕ ಕಲ್ಲಿನ ತೊಟ್ಟಿ, ಮೈ ಉಜ್ಜಿಕೊಳ್ಳಲು ನೆಟ್ಟ ಒಂದು ಕಲ್ಲು. ಕೆಂಗೇರಿಯ ಆಚೆ ಕೇತೋಹಳ್ಳಿಯಲ್ಲಿ ಮೂರು ಎಕರೆಗೆ ಬಿಳಲು ಬಿಟ್ಟು ಹರಡಿದ ದೊಡ್ಡ ಆಲದ ಮರವಿದೆಯಲ್ಲ, ಇಂದು ಪಿಕ್‌ನಿಕ್ಕಿಗೆ ಹೋಗುವ ನಾವು ಅದನ್ನು ನೋಡಿ ಫೋಟೊ ತೆಗೆಯುತ್ತೇವೆ. ತಾತನ ಬಾಯಲ್ಲಿ ಅದು 'ಐವತ್ತು ಜೊತೆ ಎತ್ತು ಬಿಡೋ ಮರ'. ನೆರಳನ್ನು ಅವರು ಅಳೆಯುತ್ತಿದ್ದದ್ದೇ ಎತ್ತುಗಳಿಂದ.

ತಾತನ ಗಾಡಿ ನಾಯಂಡಹಳ್ಳಿಯ ಹತ್ತಿರ ನಿಂತಾಗ ಎತ್ತುಗಳು ವೃಷಭಾವತಿಯಲ್ಲಿ ನೀರು ಕುಡಿಯುತ್ತಿದ್ದವಂತೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟಿದಳೆಂದು ಜನ ನಂಬುವ, ಅವನ ಹೆಸರನ್ನೇ ಹೊತ್ತ ಹೊಳೆ. ನಮ್ಮ ಪಡುವಣ ಬಡಾವಣೆಗಳ ಮಳೆನೀರೆಲ್ಲ ಸೇರುವುದು ಅವಳನ್ನೇ. ಮಳೆನೀರಿನ ಜೊತೆ ಈಗ ನಮ್ಮ ಕಕ್ಕಸಿನ ನೀರು, ಕಾರ್ಖಾನೆಯ ನೀರು, ಬಟ್ಟೆ ಒಗೆದ ಸೋಪಿನ ನೀರು. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕಿದರೆ ಅವಳ ಮೇಲೆ ಬಿಳಿ ನೊರೆ ತೇಲುತ್ತಿರುತ್ತದೆ. ಹೊರೆ ಮೀರಿ ಹೊತ್ತು ಏರು ಹತ್ತಿದ ಎತ್ತಿನ ಬಾಯಲ್ಲಿ ಬರುವುದೂ ಅಂಥದೇ ನೊರೆ. ತಾತನಾಗಿದ್ದರೆ ಅಲ್ಲೇ ನೊಗ ಇಳಿಸುತ್ತಿದ್ದರು.

ಕೊಟ್ಟಿಗೆಯಲ್ಲಿ ಮೂರೂವರೆಯ ಹಾಲು ಕರೆಯುವ ಹೊತ್ತಾಯಿತು. ಹಾಲಿನಮ್ಮ ಕೆಚ್ಚಲು ತೊಳೆದು ಕುಕ್ಕರಗಾಲಲ್ಲಿ ಕುಳಿತರು. ಚೊರ್ ಚೊರ್ ಎಂದು ಹಾಲು ಬಕೆಟ್ಟಿಗೆ ಬೀಳುವುದನ್ನು ನೋಡುತ್ತ ನನಗೆ ಎಲ್ಲೋ ಓದಿದ್ದು ನೆನಪಾಯಿತು. ಹಾಲಿನ ಗ್ರಂಥಿಯೂ ಮೂಲದಲ್ಲಿ ಚರ್ಮದ್ದೇ ಎಂದು ಜೀವವಿಕಾಸ ಬಲ್ಲವರು ಹೇಳುತ್ತಾರೆ. ಕೂದಲ ಬುಡದಲ್ಲಿ ಬೆವರು ಒಸರುವ ಬಗೆಯ ಗ್ರಂಥಿಯೊಂದು ಕೋಟ್ಯಂತರ ವರ್ಷಗಳಲ್ಲಿ ಮಾರ್ಪಟ್ಟು ಮೊಲೆಯಾಯಿತಂತೆ. ಆಸ್ಟ್ರೇಲಿಯಾದ ಪ್ಲಾಟಿಪಸ್ ಎಂಬ ಮೊಟ್ಟೆಯಿಡುವ ಸಸ್ತನಿಯಲ್ಲಿ ಇಂದಿಗೂ ತೊಟ್ಟಿಲ್ಲ. ತಾಯಿಯ ಹೊಟ್ಟೆಯ ಕೂದಲ ಮೇಲೆ ಹಾಲು ಬೆವರಿನ ಹಾಗೆ ಒಸರುತ್ತದೆ, ಮರಿ ಅದನ್ನು ಹೀರಿಕೊಳ್ಳುತ್ತದೆ. ಅಂದಮೇಲೆ ಬೆವರು ಅಕ್ಕ, ಹಾಲು ತಂಗಿ.

ಅಕ್ಕತಂಗಿಯರ ನಂಟು ಇನ್ನೂ ಹರಿದಿಲ್ಲ. ಹಾಲು ಉಂಟಾಗುವುದಕ್ಕೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿಗೂ ಸೆಕೆಗೂ ಸಂಬಂಧವಿದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನ್ಯೂಜಿಲೆಂಡಿನಲ್ಲಿ ಮೈತುಂಬ ಉದ್ದ ಕೂದಲು ಬೆಳೆದ ಕೆಲವು ಹಸುಗಳು ಕಾಣಿಸಿಕೊಂಡವು. ಅವಕ್ಕೆ ಸೆಕೆ ತಡೆಯುತ್ತಿರಲಿಲ್ಲ, ಹಾಲೂ ಸರಿಯಾಗಿ ಬರುತ್ತಿರಲಿಲ್ಲ. ಪ್ರೊಲ್ಯಾಕ್ಟಿನ್‌ನ ಜೀನಿನಲ್ಲೇ ಒಂದು ಅಕ್ಷರ ತಪ್ಪಿತ್ತು. ಕೆರಿಬಿಯನ್ ದ್ವೀಪದ ಸೆನೆಪೋಲ್ ದನಗಳಲ್ಲಿ ಅದೇ ಹಾರ್ಮೋನನ್ನು ಬರಮಾಡಿಕೊಳ್ಳುವ ಬಾಗಿಲು ಬೇರೆ ಥರ ಬದಲಾಗಿತ್ತು. ಅವುಗಳ ಕೂದಲು ಗಿಡ್ಡ, ನುಣುಪು; ಬಿಸಿಲು ಅವಕ್ಕೆ ಲೆಕ್ಕಕ್ಕಿಲ್ಲ. ಆ ಗುಣವನ್ನು ಸೀಮೆಹಸುವಿಗೆ ಬೆರೆಸಿದಾಗ ಅವೂ ಹೆಚ್ಚು ಬೆವರಿ ಹೆಚ್ಚು ತಂಪಾಗಿದ್ದವು. ತಂಗಿಯನ್ನು ಮಾತ್ರ ಕರೆತಂದು ಅಕ್ಕನನ್ನು ಊರಲ್ಲೇ ಬಿಟ್ಟುಬಂದ ನಾವು ಈಗ ಅವಳಿಗೂ ಹೇಳಿ ಕಳಿಸುತ್ತಿದ್ದೇವೆ.

ಹಾಲಿನಮ್ಮನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಲೆಕ್ಕವಿತ್ತು. ಬೆಳಗಿನ ಹಾಲು ಎಷ್ಟು, ಸಂಜೆಯದು ಎಷ್ಟು, ಯಾವ ಮನೆಗೆ ಎಷ್ಟು. ಬೆವರಿನ ಕಾಲಂ ಇರಲಿಲ್ಲ. ಆದರೆ ನೆನೆಸಿದ ಗೋಣಿಚೀಲವಿತ್ತು, ಫ್ಯಾನಿತ್ತು, ಒರೆಸಿ ನೋಡಿದ ಮೂತಿಯಿತ್ತು, ಉರಿಬಿಸಿಲಲ್ಲಿ ಹೊಂಗೆಯ ನೆರಳಿಗೆ ಹೊಡೆದುಕೊಂಡು ಹೋದ ಮಧ್ಯಾಹ್ನವಿತ್ತು. ಆ ಲೆಕ್ಕವನ್ನು ಅವರು ಬರೆಯುವ ಅಗತ್ಯವಿರಲಿಲ್ಲ.

ಹೊರಡೋಣವೆಂದು ಎದ್ದು ನಾಟಿ ಹಸುವಿನ ಪಕ್ಕ ಹಾದೆ. ಅದು ಕತ್ತು ಚಾಚಿ ನನ್ನ ಮುಂಗೈ ನೆಕ್ಕಿತು. ಉಪ್ಪುಕಾಗದದಂಥ ಒರಟು ನಾಲಗೆ. ಬೆಚ್ಚಿ ಕೈ ಎಳೆದುಕೊಂಡೆ.

"ಏನೂ ಮಾಡಲ್ಲ ಬನ್ನಿ ಸಾ. ನಿಮ್ ಬೆವರಲ್ಲಿ ಉಪ್ಪೈತಲ್ಲ, ಅದು ಬೇಕು ಅದುಕ್ಕೆ" ಎಂದು ಹಾಲಿನಮ್ಮ ನಕ್ಕರು.

ಸರಿಯಾದ ಮಾತು. ಹುಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಷ್ಟಕ್ಕಷ್ಟೆ. ಹಸುವಿನ ಬೆವರಿನಲ್ಲಿ ಹೋಗುವುದೂ ಹೆಚ್ಚಾಗಿ ಪೊಟ್ಯಾಸಿಯಮ್ಮೇ. ನಮ್ಮ ಬೆವರಿನ ಉಪ್ಪು ಮಾತ್ರ ಅಡುಗೆಮನೆಯ ಉಪ್ಪು, ಸೋಡಿಯಂ. ಹುಲ್ಲು ತಿಂದು ಬಾಳುವ ಪ್ರಾಣಿಗೆ ಅದು ಸಿಗುವುದು ಅಪರೂಪ. ಮಧ್ಯಾಹ್ನವಿಡೀ ಯಾವ ಕೆಲಸಕ್ಕೂ ಬರಲಿಲ್ಲವೆಂದು ನಾನು ಹಳಿದುಕೊಂಡ ಬೆವರು ಮುಂಗೈ ಮೇಲೆ ಒಣಗಿ, ಬಿಳಿ ಗೆರೆಯಾಗಿ ಕೂತಿತ್ತು. ಹಸು ಅದನ್ನು ದೂರದಿಂದಲೇ ಮೂಸಿ ಕಂಡುಹಿಡಿದಿತ್ತು.

ಈ ಸಲ ಕೈಯನ್ನು ಹಿಂದೆಗೆದುಕೊಳ್ಳಲಿಲ್ಲ. ಮಣಿಕಟ್ಟಿನಿಂದ ಮೊಳಕೈವರೆಗೆ ಅದು ನಿಧಾನವಾಗಿ, ಒಂದಂಗುಲವನ್ನೂ ಬಿಡದೆ ನೆಕ್ಕಿತು. ಮುಗಿಸಿ ಮುಖವೆತ್ತಿ ನೋಡಿತು. ಕನ್ನಡಕದಂಗಡಿ ತೆರೆಯಲು ಇನ್ನೂ ಹತ್ತು ನಿಮಿಷವಿತ್ತು. ಅಂಗಿಯ ತೋಳು ಮಡಚಿ ಇನ್ನೊಂದು ಕೈ ಚಾಚಿದೆ.